ಬರೆದವರು, ಬರೆಸಿದವರು, ತೊಟ್ಟವರು

ಕನ್ನಡದ ‘ಬರೆ’ ಎಂಬ ಧಾತುವಿಗೆ ‘ಇಸು’ ಪ್ರತ್ಯಯವು ಸೇರಿದೊಡನೆ ವಾಕ್ಯದಲ್ಲಿ ಒಬ್ಬನಿದ್ದೆಡೆ ಇಬ್ಬರು ಕರ್ತೃಗಳು ಬಂದು ನಿಲ್ಲುತ್ತಾರೆ. ‘ಚಿತ್ರಕಾರನು ಚಿತ್ರವನ್ನು ಬರೆದನು’ ಎಂಬಲ್ಲಿ ಚಿತ್ರಕಾರನೇ ಸ್ವತಂತ್ರನು. ‘ವರ್ತಕನು ಚಿತ್ರಕಾರನಿಂದ ಚಿತ್ರವನ್ನು ಬರೆಸಿದನು’ ಎಂದಾಗ ವರ್ತಕನು ಪ್ರಥಮಾ ವಿಭಕ್ತಿಯ ಪೀಠವನ್ನೇರುತ್ತಾನೆ. ಗೆರೆಯೆಳೆದವನು ತೃತೀಯಾ ವಿಭಕ್ತಿಗೆ ಇಳಿಯುತ್ತಾನೆ. ಲೇಖನಿಯಿಂದ, ಕುಂಚದಿಂದ ಎನ್ನುವಂತೆಯೇ ಚಿತ್ರಕಾರನಿಂದ! ವೈಯಾಕರಣರು ಬರೆಸಿದವನನ್ನು ಪ್ರಯೋಜಕ ಕರ್ತೃವೆಂದೂ ಬರೆದವನನ್ನು ಪ್ರಯೋಜ್ಯ ಕರ್ತೃವೆಂದೂ ಕರೆದು ಇಬ್ಬರಿಗೂ ಕರ್ತೃತ್ವವನ್ನು ಉಳಿಸಿಕೊಟ್ಟಿದ್ದಾರೆ. ವ್ಯವಹಾರಪ್ರಪಂಚವು ಅಷ್ಟು ಉದಾರವಾಗಿಲ್ಲ. ಟೀ ಷರ್ಟುಗಳ ಮೇಲೆ ಅಚ್ಚಾಗುವ ಚಿತ್ರಗಳನ್ನು ಅನ್ಯರ ಕೋರಿಕೆಯ ಮೇರೆಗೆ ಕೈಯಿಂದ ಬರೆದುಕೊಡುವ ಕಸುಬಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಚಿತ್ರಕಲೆಯಲ್ಲಿ ಕೈ ಪಳಗಿದ ತರುಣರನೇಕರು ಇಂದು ಮೊದಲ ಸಂಭಾವನೆಯನ್ನು ಇಂಥ ಕೆಲಸದಿಂದಲೇ ಪಡೆಯುವುದರಿಂದ ವಿಷಯವು ವಿದ್ಯಾರ್ಥಿಗಳ ವಿಚಾರಕ್ಕೆ ಯೋಗ್ಯವಾಗಿದೆ.

ಈ ಅಂಗಿಯ ಪೂರ್ವಚರಿತ್ರೆ ದೀರ್ಘವಾದುದಲ್ಲ. ಹರಡಿಟ್ಟಾಗ ಆಂಗ್ಲ ವರ್ಣಮಾಲೆಯ ‘ಟಿ’ ಅಕ್ಷರದಂತೆ ತೋರುವುದರಿಂದ ಅದಕ್ಕೆ ಆ ಹೆಸರು. ಅಮೆರಿಕದ ನೌಕಾದಳದವರು ಒಳಅಂಗಿಯಾಗಿ ತೊಡುತ್ತಿದ್ದ ಹೆಣಿಗೆಯ ಉಡುಪು ಕಾಲಕ್ರಮದಲ್ಲಿ ಹೊರಗಿನ ಉಡುಪಾಯಿತು. 1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿಯೇ ಅಭ್ಯರ್ಥಿಯ ಪರವಾದ ಘೋಷಣೆ ಅದರ ಮೇಲೆ ಅಚ್ಚಾಗಿತ್ತು. ಅನಂತರ ಅಂಗಿಯ ಎದೆಯೆಂಬುದು ನಡೆದಾಡುವ ಭಿತ್ತಿಯಾಯಿತೆನ್ನಬಹುದು.

ಅಂಥ ಭಿತ್ತಿಯ ಮೇಲೆ ಲೋಕವೆಲ್ಲ ಕಂಡಿರುವ ಚಿತ್ರವೊಂದರ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. 1970ರಲ್ಲಿ ‘ರೋಲಿಂಗ್ ಸ್ಟೋನ್ಸ್’ ಎಂಬ ಆಂಗ್ಲ ಗಾಯಕವೃಂದದ ಕಚೇರಿಯವರು, ತಮ್ಮ ಯೂರೋಪ್ ಸಂಚಾರಕ್ಕೆ ಭಿತ್ತಿಪತ್ರವನ್ನು ಬರೆಯಬಲ್ಲ ವಿದ್ಯಾರ್ಥಿಯೊಬ್ಬರನ್ನು ಸೂಚಿಸಬೇಕೆಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸಂಸ್ಥೆಯನ್ನು ಕೋರಿದರು. ಅಲ್ಲಿ ಓದುತ್ತಿದ್ದ ಜಾನ್ ಪಾಶ್ ಎಂಬವರಿಗೆ ಆ ಕೆಲಸ ದೊರೆಯಿತು. ಅದು ಮೆಚ್ಚುಗೆಯಾದ ಬಳಿಕ ವೃಂದದ ಮುಖ್ಯ ಗಾಯಕರಾದ ಮಿಕ್ ಜಾಗರ್ ಅವರು ತಮ್ಮ ಸ್ವಂತ ಧ್ವನಿಮುದ್ರಿಕಾ ಸಂಸ್ಥೆಗೆ ಲಾಂಛನವೊಂದನ್ನು ಬರೆಸಬಯಸಿದರು. ಆಗ ಅವರು ಮಾದರಿಯಾಗಿ ತೋರಿಸಿದ್ದು ಯಾವುದನ್ನು? ಸಮೀಪದ ಭಾರತೀಯ ಅಂಗಡಿಯಲ್ಲಿ ಕಂಡಿದ್ದ ಕಾಳಿಕಾದೇವಿಯ ಅಚ್ಚಿನ ಪಟವನ್ನು! ಪಾಶ್ ಅವರು ದೇವಿಯನ್ನು ಬರೆಯಲಿಲ್ಲ. ನಾಲ್ಕು ಕೈ, ರುಂಡಮಾಲೆ, ಖಡ್ಗಗಳನ್ನೆಲ್ಲ ಬಿಟ್ಟು ತೆರೆದ ಬಾಯಿಯೊಂದನ್ನೂ ಹೊರಚಾಚಿದ ನಾಲಗೆಯೊಂದನ್ನೂ ಮಾತ್ರ ಉಳಿಸಿಕೊಂಡರು. ಅವರಿಗೆ ಸಂದ ಸಂಭಾವನೆ 50 ಪೌಂಡು. 1971ರಲ್ಲಿ ‘ಸ್ಟಿಕಿ ಫಿಂಗರ್ಸ್’ ಎಂಬ ಧ್ವನಿಮುದ್ರಿಕೆಯೊಡನೆ ಲಾಂಛನವು ಹೊರಬಂದಿತು. ಅಮೆರಿಕದ ಆವೃತ್ತಿಯಲ್ಲಿ ಮತ್ತೊಬ್ಬ ವಿನ್ಯಾಸಕಾರರಾದ ಕ್ರೇಗ್ ಬ್ರಾನ್ ಅವರ ಕಡೆಯಿಂದ ಸ್ವಲ್ಪ ತಿದ್ದುಪಡಿಯಾದ ರೂಪವು ಅಚ್ಚಾಯಿತು. ಆ ಮುದ್ರಿಕೆಯ ಹೊದಿಕೆಯ ಕಲ್ಪನೆ ಪ್ರಖ್ಯಾತ ಕಲಾವಿದ ಆಂಡಿ ವಾರ್ಹಾಲ್ ಅವರದಾಗಿದ್ದುದರಿಂದ ನಾಲಗೆಯೂ ಅವರದೇ ಎಂದು ಬಹುಕಾಲ ಬಹುಜನರು ನಂಬಿದ್ದರು. ಬರೆಸಿದವರ ಹೆಸರು ಮೆರೆಯಿತು, ಬರೆಯದವರ ಹೆಸರೂ ಮೆರೆಯಿತು, ಬರೆದವರ ಹೆಸರು ಮಾತ್ರ ಮರೆಯಲ್ಲಿ ಉಳಿಯಿತು.

ಭಾರತೀಯ ಪ್ರಾಚೀನರು ಚಿತ್ರಕ್ಕೆ ಹೇಳಿರುವ ಆರು ಅಂಗಗಳನ್ನು ಇಲ್ಲಿ ಸ್ಮರಿಸಬಹುದು: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಕಾಮಸೂತ್ರದ ವ್ಯಾಖ್ಯಾನಕಾರ ಯಶೋಧರನು ಇವನ್ನು ಎಣಿಸಿದ್ದಾನೆ. ಪಾಶ್ ಅವರ ಚಿತ್ರದಲ್ಲಿ ಕಾಳಿಯಿಂದ ಬಂದದ್ದು ರೂಪ. ಭಾವವು ಅಲ್ಲಿಂದ ಬರಲಿಲ್ಲ. ಶಿವನ ಮೈಮೇಲೆ ಕಾಲಿಟ್ಟುದನ್ನು ಅರಿತ ದೇವಿಯು ಲಜ್ಜೆಯಿಂದ ನಾಲಗೆ ಕಚ್ಚಿಕೊಂಡಳೆಂದು ಬಂಗಾಳದ ಜನ ಆ ನಾಲಗೆಗೆ ಅರ್ಥ ಹೇಳುವುದುಂಟು. ಲಂಡನ್ನಿಗೆ ಹೋದ ನಾಲಗೆ ಲಜ್ಜೆಯನ್ನು ಕಳೆದುಕೊಂಡು, ಹಿರಿಯರನ್ನೂ ಅಧಿಕಾರವನ್ನೂ ಅಣಕಿಸುವ ತುಂಟ ನಾಲಗೆಯಾಯಿತು. ದೇವತಾರೂಪವನ್ನು ಹೀಗೆ ಎರವಲು ತಂದುದು ಉಚಿತವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ಸಲ್ಲದ್ದಲ್ಲ. ಆದರೆ ಕಲಿಯುವವನು ಗಮನಿಸಬೇಕಾದುದು ಇನ್ನೊಂದಿದೆ. ಪ್ರಯೋಜಕನು ಮಾದರಿಯನ್ನು ತೋರಿಸಿದಾಗ ಅದನ್ನೇ ನಕಲು ಮಾಡಿಕೊಡುವವನು ಕೇವಲ ಕರಣವಾಗುತ್ತಾನೆ. ಯಾವುದನ್ನು ಬಿಡಬೇಕೆಂದು ತಾನೇ ನಿರ್ಣಯಿಸುವವನು ತೃತೀಯಾ ವಿಭಕ್ತಿಯಲ್ಲಿ ನಿಂತೂ ಕರ್ತೃವಾಗಿಯೇ ಉಳಿಯುತ್ತಾನೆ.

ಬಿಡುವುದಕ್ಕೆ ಬಟ್ಟೆಯೂ ಕಾರಣವುಂಟು. ಟೀ ಷರ್ಟಿನ ಮೇಲೆ ಚಿತ್ರವು ಸಾಮಾನ್ಯವಾಗಿ ಪರದೆಯ ಅಚ್ಚಿನಿಂದ, ಅಂದರೆ ಸ್ಕ್ರೀನ್ ಪ್ರಿಂಟಿಂಗಿನಿಂದ, ಮೂಡುತ್ತದೆ. ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿಯ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಲೇಪವನ್ನು ಬಳಿಯುತ್ತಾರೆ. ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ದಟ್ಟ ಕಪ್ಪಿನಲ್ಲಿ ತೆಗೆದು, ಆ ಪರದೆಯ ಮೇಲಿರಿಸಿ, ಪ್ರಖರವಾದ ಬೆಳಕು ಹಾಯಿಸುತ್ತಾರೆ. ಕಪ್ಪು ತಡೆದ ಕಡೆ ಲೇಪ ಗಟ್ಟಿಯಾಗದೆ ನೀರಿನಲ್ಲಿ ತೊಳೆದುಹೋಗಿ ಜಾಲರಿಯ ರಂಧ್ರಗಳು ತೆರೆದುಕೊಳ್ಳುತ್ತವೆ. ಆ ತೆರಪಿನ ಮೂಲಕ ರಬ್ಬರಿನ ಪಟ್ಟಿಯಿಂದ ಬಣ್ಣವನ್ನು ಎಳೆದಾಗ ಕೆಳಗಿನ ಅಂಗಿಯ ಮೇಲೆ ಚಿತ್ರವಿಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಪರದೆ. ಮೂರು ಬಣ್ಣವಾದರೆ ಮೂರು ಪರದೆ. ಕಪ್ಪು ಅಂಗಿಯಾದರೆ ಬಣ್ಣ ಮಂಕಾಗದಂತೆ ಅಡಿಯಲ್ಲಿ ಬಿಳಿಯದೊಂದು, ಒಟ್ಟು ನಾಲ್ಕು. ಐವತ್ತು ಅಂಗಿಗಾಗಲಿ ಐದು ನೂರಕ್ಕಾಗಲಿ ಪರದೆಯ ಖರ್ಚು ಅಷ್ಟೇ ಆದುದರಿಂದ, ಕಡಮೆ ಸಂಖ್ಯೆಯಲ್ಲಿ ಮಾಡಿಸುವ ವರ್ತಕನು ‘ಎರಡೇ ಬಣ್ಣದಲ್ಲಿ ಮುಗಿಸಿ’ ಎಂದರೆ ಅದನ್ನು ಜಿಪುಣತನವೆಂದು ಭಾವಿಸಬಾರದು.

ಕಾಗದದ ಮೇಲೆ ಶೋಭಿಸುವ ಕೂದಲೆಳೆಯಂಥ ಗೆರೆ ಜಾಲರಿಯ ರಂಧ್ರಗಳ ನಡುವೆ ತುಂಡಾಗುತ್ತದೆ. ಒತ್ತೊತ್ತಾಗಿ ಬರೆದ ನೆರಳಿನ ಗೆರೆಗಳು ಬಣ್ಣ ಹರಡಿ ಒಂದೇ ಕಲೆಯಾಗುತ್ತವೆ. ಅದಲ್ಲದೆ ಹೆಣಿಗೆಯ ಬಟ್ಟೆ ಮೈಗೆ ತಕ್ಕಂತೆ ಹಿಗ್ಗುವುದರಿಂದ ಎದೆಯ ಮೇಲಿನ ವೃತ್ತ ತೊಟ್ಟವನ ಮೇಲೆ ಅಂಡಾಕಾರವಾದೀತು. ಆದುದರಿಂದ ಬಲ್ಲವರು ಚಿತ್ರವನ್ನು ಅಚ್ಚಾಗುವ ಅಳತೆಯಲ್ಲಿಯೇ ಕತ್ತರಿಸಿ ಅಂಗಿಯ ಮೇಲಿಟ್ಟು, ಹತ್ತು ಹೆಜ್ಜೆ ದೂರ ಸರಿದು ನೋಡುತ್ತಾರೆ. ಮೊದಲು ಪೆನ್ಸಿಲ್ಲಿನಲ್ಲಿ ಬೆರಳಗಲದ ಕರಡುಗಳು; ಅವುಗಳಲ್ಲೊಂದನ್ನು ಬರೆಸುವವನು ಒಪ್ಪಿದ ಮೇಲೆ ದೊಡ್ಡ ಕರಡು; ಅದೂ ಒಪ್ಪಿಗೆಯಾದ ಬಳಿಕವೇ ಕಪ್ಪು ಶಾಯಿ. ಶಾಯಿ ಬಿದ್ದ ಮೇಲೆ ‘ಮುಖವನ್ನು ಎಡಕ್ಕೆ ತಿರುಗಿಸಿ’ ಎಂಬ ಮಾತು ಬಂದರೆ ಅದು ತಿದ್ದುಪಡಿಯಲ್ಲ, ಹೊಸ ಚಿತ್ರ. ಅದರ ಸಂಭಾವನೆಯೂ ಬೇರೆ. ಇದನ್ನು ಮೊದಲೇ ಹೇಳಲು ಸಂಕೋಚಪಟ್ಟವರು ಕೊನೆಯಲ್ಲಿ ಜಗಳವಾಡಬೇಕಾಗುತ್ತದೆ.

ಪಾಶ್ ಅವರ ನಾಲಗೆ ಈ ಪರೀಕ್ಷೆಗಳಲ್ಲೆಲ್ಲ ಗೆದ್ದಿತು. ದಪ್ಪ ಹೊರಗೆರೆ, ಚಪ್ಪಟೆಯಾದ ಕೆಂಪು, ಹೊಳಪಿಗೆಂದು ಬಿಟ್ಟ ಬಿಳಿಯ ತುಣುಕುಗಳು. ಎಲ್ಲಿ ಅಚ್ಚು ಹಾಕಿದರೂ ಸುಲಭವಾಗಿ ಮೂಡಬೇಕೆಂಬುದು ಅವರ ಉದ್ದೇಶವೇ ಆಗಿತ್ತು.

ಇನ್ನು ಬೆಲೆಯ ವಿಚಾರ. ಅಮೆರಿಕದ ಮಿಲ್ಟನ್ ಗ್ಲೇಸರ್ ಅವರು 1976ರಲ್ಲಿ ಬಾಡಿಗೆ ಕಾರಿನಲ್ಲಿ ಕುಳಿತು ಹರಕು ಲಕೋಟೆಯೊಂದರ ಮೇಲೆ ಕೆಂಪು ಬಣ್ಣದ ಕಡ್ಡಿಯಿಂದ ಗೀಚಿದ ‘ಐ’ ಅಕ್ಷರ, ಹೃದಯದ ಆಕೃತಿ ಮತ್ತು ನ್ಯೂಯಾರ್ಕಿನ ಎರಡಕ್ಷರಗಳು ಕೋಟ್ಯಂತರ ಅಂಗಿಗಳನ್ನೇರಿದವು. ಅದಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ. ತಮ್ಮ ಊರಿಗೆ ಕೊಟ್ಟ ಕಾಣಿಕೆ ಅದು. ಕೊಡುವೆನೆಂದು ತಿಳಿದು ಕೊಟ್ಟದ್ದು ದಾನ. ತಿಳಿಯದೆ ಕೈಬಿಟ್ಟುಹೋದದ್ದಕ್ಕೆ ಆ ಹೆಸರು ಸಲ್ಲದು. 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ ಪಾದರಕ್ಷೆಯ ಸಂಸ್ಥೆಯೊಂದಕ್ಕೆ ಬರೆದುಕೊಟ್ಟ ಬಾಗುಗೆರೆಗೆ 35 ಡಾಲರು ಪಡೆದರು. ಅದೇ ಇಂದಿನ ನೈಕಿ ಸಂಸ್ಥೆಯ ಗುರುತು. ಸಂಸ್ಥೆಯವರು 1983ರಲ್ಲಿ ಅವರನ್ನು ಕರೆದು ಚಿನ್ನದ ಉಂಗುರವನ್ನೂ ಷೇರುಗಳನ್ನೂ ಇತ್ತರು. ಅದು ಅವರ ಔದಾರ್ಯ. ಔದಾರ್ಯವನ್ನು ನಂಬಿ ಕಸುಬು ನಡೆಸಲಾಗದು.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯನು ಸಾಮಾನ್ಯವಾಗಿ ಅದನ್ನು ರಚಿಸಿದವನೇ. ಆದರೆ ಹಣ ಪಡೆದು ಅನ್ಯರ ಕೋರಿಕೆಯಂತೆ ಬರೆದ ವರ್ಣಚಿತ್ರ, ಭಾವಚಿತ್ರಗಳಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವನೇ ಮೊದಲ ಒಡೆಯನಾಗುತ್ತಾನೆ. ಸಾದಾ ರೇಖಾಚಿತ್ರದ ಹೆಸರು ಆ ಅಪವಾದದಲ್ಲಿಲ್ಲವಾದುದರಿಂದ ವಾದಕ್ಕೆ ಎಡೆಯುಂಟು. ವಾದಕ್ಕೆಡೆಯಿರುವ ಕಡೆ ಬರೆಹವೇ ರಕ್ಷೆ. 19ನೆಯ ಪ್ರಕರಣದಂತೆ ಸ್ವಾಮ್ಯದ ಹಸ್ತಾಂತರವು ಲಿಖಿತವಾಗಿ, ರುಜುವಿನೊಡನೆ ಇರಬೇಕು; ಅವಧಿಯನ್ನು ಹೇಳದಿದ್ದರೆ ಐದು ವರ್ಷ, ಪ್ರದೇಶವನ್ನು ಹೇಳದಿದ್ದರೆ ಭಾರತದ ಎಲ್ಲೆ ಎಂದು ಭಾವಿಸತಕ್ಕದ್ದು. 57ನೆಯ ಪ್ರಕರಣವು ಹಸ್ತಾಂತರದ ನಂತರವೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕನ್ನು ಚಿತ್ರಕಾರನಿಗೆ ಕಾಯ್ದಿರಿಸಿದೆ. ಅಂಗಿಯ ಚಿತ್ರಕಾರರಲ್ಲಿ ಬಹುಮಂದಿ ಅರಿಯದ ಇನ್ನೊಂದು ತೊಡಕಿದೆ. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟದ್ದು, ಒಡೆಯನಿಂದಾಗಲಿ ಅವನ ಅನುಮತಿಯಿಂದಾಗಲಿ ಯಂತ್ರವಿಧಾನದಲ್ಲಿ 50ಕ್ಕಿಂತ ಹೆಚ್ಚು ವಸ್ತುಗಳ ಮೇಲೆ ಬಂದೊಡನೆ, 15ನೆಯ ಪ್ರಕರಣದಂತೆ ಆ ವಿನ್ಯಾಸದ ಕೃತಿಸ್ವಾಮ್ಯವು ಮುಗಿಯುತ್ತದೆ. ಐವತ್ತೊಂದನೆಯ ಅಂಗಿಯ ಮಹಿಮೆ ಅಷ್ಟು! ಚಿತ್ರವೊಂದು ಕಲಾಕೃತಿಯೋ ಅಂಗಿಯ ವಿನ್ಯಾಸವೋ ಎಂಬುದನ್ನು ಕುರಿತು ನ್ಯಾಯಾಲಯಗಳಲ್ಲಿ ವಾದ ನಡೆಯುತ್ತಲೇ ಇರುತ್ತದೆ.

ಪಾಶ್ ಅವರ ಸ್ಥಿತಿ ಕೊನೆಗೆ ಕೆಟ್ಟುದಾಗಲಿಲ್ಲ. 1972ರಲ್ಲಿ ಅವರಿಗೆ ಇನ್ನೂ 200 ಪೌಂಡು ಸಂದಿತು. 1984ರಲ್ಲಿ ಅವರು ತಮ್ಮ ಕೃತಿಸ್ವಾಮ್ಯವನ್ನು 26,000 ಪೌಂಡಿಗೆ ಮಾರಿದರು. ಆದರೆ ಸ್ವಾಮ್ಯವು ಬೇರೆ, ಬರೆದ ಹಾಳೆಯು ಬೇರೆ. ಕೈಯ ಗೆರೆಗಳುಳ್ಳ ಆ ಮೂಲ ಹಾಳೆಯನ್ನು 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು 92,500 ಡಾಲರು ತೆತ್ತು ಕೊಂಡುಕೊಂಡಿತು. ಹಾಳೆಯ ಜೊತೆಗೆ ಸಂಗ್ರಹಾಲಯದ ದಾಖಲೆಯಲ್ಲಿ ಚಿತ್ರಕಾರನ ಹೆಸರೂ ಸೇರಿತು.