ದಾಳಿಂಬೆ ತೋಟದ ಹುಲ್ಲಿಗೆ ಸಣ್ಣ ಟ್ರ್ಯಾಕ್ಟರ್: ಕೊಳ್ಳುವ ಮೊದಲು ಅಳೆಯಿರಿ



ಬಾಗಲಕೋಟೆ, ಶಿರೂರು, ಇಳಕಲ್ಲ, ಹುನಗುಂದ ಭಾಗವು ಉತ್ತರ ಒಣ ವಲಯಕ್ಕೆ ಸೇರಿದೆ. ಜೋಳ, ಕಡಲೆ ಬೆಳೆಯುವ ಎರೆ ಹೊಲಗಳ ನಡುವೆ ನೀರಿನ ಅನುಕೂಲ ಇದ್ದಲ್ಲಿ ದಾಳಿಂಬೆ, ಲಿಂಬೆ, ಚಿಕ್ಕು ತೋಟಗಳು ಎದ್ದಿವೆ. ಮುಂಗಾರು ಹಿಡಿಯಿತೆಂದರೆ ಈ ತೋಟಗಳ ಸಾಲುಗಳ ನಡುವೆ ಹುಲ್ಲು, ಪಾರ್ಥೇನಿಯಂ ಮೊಣಕಾಲುದ್ದ ಬೆಳೆಯುತ್ತವೆ. ಕಳೆ ಕೀಳಲು ಆಳು ಸಿಗುವುದಿಲ್ಲ. ಆಗ ರೈತರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಹುಲ್ಲು ಕತ್ತರಿಸಲು ಎಷ್ಟು ಅಶ್ವಶಕ್ತಿಯ ಟ್ರ್ಯಾಕ್ಟರ್ ತರಬೇಕು?"

ಅಶ್ವಶಕ್ತಿಯ ಪ್ರಶ್ನೆ ಆಮೇಲಿನದು. ಮೊದಲು ಟೇಪು ಹಿಡಿದು ಸಾಲನ್ನು ಅಳೆಯಬೇಕು, ನಂತರ ವರ್ಷಕ್ಕೆ ಎಷ್ಟು ತಾಸು ಕೆಲಸವಿದೆ ಎಂದು ಲೆಕ್ಕ ಹಾಕಬೇಕು.

ಹುಲ್ಲನ್ನು ಕತ್ತರಿಸುವುದೇಕೆ?

ಮಳೆಗಾಲದಲ್ಲಿ ಸಾಲಿನ ನಡುವೆ ಮೇಲಿಂದ ಮೇಲೆ ರೆಂಟೆ, ಕುಂಟೆ ಹೊಡೆದರೆ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ, ಮೇಲ್ಪದರದ ಬೇರುಗಳೂ ಹರಿಯುತ್ತವೆ. ಹುಲ್ಲನ್ನು ನೆಲದಿಂದ 7-8 ಸೆಂ.ಮೀ. ಎತ್ತರದಲ್ಲಿ ಕತ್ತರಿಸಿ ಅಲ್ಲಿಯೇ ಬಿಟ್ಟರೆ ಅದು ಮುಚ್ಚಿಗೆಯಾಗಿ ತೇವವನ್ನು ಕಾಯುತ್ತದೆ. ಪಾರ್ಥೇನಿಯಂ ಅನ್ನು ಮಾತ್ರ ಹೂವಾಡುವ ಮೊದಲೇ ಕತ್ತರಿಸಬೇಕು. ಗಿಡದ ಪಾತಿಯೊಳಗಿನ ಕಳೆಯನ್ನು ಕೈಯಿಂದಲೇ ತೆಗೆಯುವುದು ಲೇಸು.

ಅಗಲವೇ ಮೊದಲ ಅಳತೆ

ದಾಳಿಂಬೆಯನ್ನು 4.5 ಮೀ. × 3 ಮೀ. ಅಂತರದಲ್ಲಿ ನೆಟ್ಟಿದ್ದೀರಿ ಎನ್ನೋಣ. ಗಿಡ ಬೆಳೆದು 2.7 ಮೀ. ಹರಡಿದರೆ ನಡುವೆ ಉಳಿಯುವ ದಾರಿ 1.8 ಮೀ., ಅಂದರೆ ಸುಮಾರು 6 ಅಡಿ. 40-45 ಅಶ್ವಶಕ್ತಿಯ ಸಾಮಾನ್ಯ ಟ್ರ್ಯಾಕ್ಟರಿನ ಅಗಲವೇ ಸುಮಾರು 1.7 ರಿಂದ 1.8 ಮೀ. ಅದು ಕೊಂಬೆಗಳನ್ನು ತರಚದೆ ಹೋಗಲಾರದು. ಸುಮಾರು 1.1 ಮೀ. ಅಗಲದ ಸಣ್ಣ ಟ್ರ್ಯಾಕ್ಟರಿಗೆ ಎರಡೂ ಬದಿಗೆ ಒಂದೊಂದು ಅಡಿಗಿಂತ ಹೆಚ್ಚು ಜಾಗ ಉಳಿಯುತ್ತದೆ.

ಈ ಒಂದು ಅಡಿಯ ಬೆಲೆ ದೊಡ್ಡದು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಕಾಟ ನಮ್ಮ ಜಿಲ್ಲೆಯ ಬೆಳೆಗಾರರಿಗೆ ಹೊಸದಲ್ಲ. ರೋಗಾಣು ಗಿಡದ ಒಳಹೋಗಲು ಗಾಯಗಳು ತೆರೆದ ಬಾಗಿಲು. ಮಳೆಯ ಹನಿಗಳು ಅದನ್ನು ಗಿಡದಿಂದ ಗಿಡಕ್ಕೆ ಸಿಡಿಸುತ್ತವೆ. ಒಂದು ತೋಟದಲ್ಲಿ ದೊಡ್ಡ ಟ್ರ್ಯಾಕ್ಟರಿನಿಂದ ಹುಲ್ಲು ಹೊಡೆಸಿದ್ದನ್ನು ನಾನು ನೋಡಿದ್ದೇನೆ. ಹುಲ್ಲೇನೋ ಚೊಕ್ಕಟವಾಗಿತ್ತು. ಆದರೆ ಸಾಲಿನುದ್ದಕ್ಕೂ ಎರಡೂ ಬದಿಯ ಕೊಂಬೆಗಳ ತೊಗಟೆ ಸುಲಿದು, ಕಾಯಿಗಳು ಉದುರಿದ್ದವು. ಮೋಡ ಕವಿದ ದಿನಗಳು ಮುಂದೆ ಇದ್ದವು. ಆ ಯಜಮಾನರ ಮುಖ ನೋಡಿ ನನಗೆ ಮಾತು ಹೊರಡಲಿಲ್ಲ.

ಅಗಲದೊಂದಿಗೆ ಈ ಕೆಳಗಿನವುಗಳನ್ನೂ ಪರೀಕ್ಷಿಸಿರಿ:

1. ಹೊಗೆ ಕೊಳವೆ ಮೇಲ್ಮುಖವಾಗಿದ್ದರೆ ಕೊಂಬೆಗೆ ತಾಗುತ್ತದೆ. ಅಡ್ಡ ಕೊಳವೆಯ ಮಾದರಿ ತೋಟಕ್ಕೆ ಒಳ್ಳೆಯದು.

2. ಸಾಲಿನ ತುದಿಯಲ್ಲಿ ತಿರುಗಲು ಎಷ್ಟು ಜಾಗವಿದೆ? ಮಾರಾಟಗಾರರು ಟ್ರ್ಯಾಕ್ಟರನ್ನು ನಿಮ್ಮ ತೋಟಕ್ಕೇ ತಂದು ತಿರುಗಿಸಿ ತೋರಿಸಲಿ.

3. ತೂಕ ಕಡಿಮೆ ಇರಲಿ. ಸಣ್ಣ ಟ್ರ್ಯಾಕ್ಟರಿನ ತೂಕ ದೊಡ್ಡದರ ಅರ್ಧದಷ್ಟು. ಎರೆ ಮಣ್ಣು ಹಸಿಯಿದ್ದಾಗ ಭಾರ ಬಿದ್ದರೆ ಗಟ್ಟಿಯಾಗುತ್ತದೆ. ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿರಿ. ಉಂಡೆಯಾಗಿ ಅಂಟಿಕೊಂಡರೆ ಆ ದಿನ ಯಾವ ಯಂತ್ರವನ್ನೂ ತೋಟಕ್ಕೆ ಇಳಿಸಬೇಡಿರಿ.

ಶಕ್ತಿ ಎಷ್ಟು ಬೇಕು?

ಟ್ರ್ಯಾಕ್ಟರಿನ ಮೇಲೆ ಬರೆದ ಅಶ್ವಶಕ್ತಿ ಎಂಜಿನ್ನಿನದು. ಹುಲ್ಲು ಕತ್ತರಿಸುವ ಯಂತ್ರ ತಿರುಗುವುದು ಹಿಂದಿನ ಪಿ.ಟಿ.ಓ. ದಂಡದ ಶಕ್ತಿಯಿಂದ, ಇದು ಸ್ವಲ್ಪ ಕಡಿಮೆ. ಎಂಜಿನ್ 18 ಇದ್ದರೆ ದಂಡದಲ್ಲಿ 15ರ ಆಸುಪಾಸು ದೊರೆಯಬಹುದು. 1.2 ಮೀ. ಅಗಲದ ಕತ್ತರಿಸುವ ಯಂತ್ರಕ್ಕೆ ಸಾಮಾನ್ಯವಾಗಿ ಇಷ್ಟು ಸಾಕು. ಇದಕ್ಕಿಂತ ಅಗಲದ ಯಂತ್ರವನ್ನು ಕಟ್ಟಿದರೆ ದಟ್ಟ ಹುಲ್ಲಿನಲ್ಲಿ ಎಂಜಿನ್ ಉಸಿರುಗಟ್ಟುತ್ತದೆ. ಯಂತ್ರವು ನಿಮಿಷಕ್ಕೆ 540 ಸುತ್ತಿನದೇ ಎಂಬುದನ್ನೂ ಟ್ರ್ಯಾಕ್ಟರಿನೊಂದಿಗೆ ತಾಳೆ ನೋಡಿರಿ.

ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರ ಸರಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ದಂಡದ ಶಕ್ತಿ, ಡೀಸೆಲ್ ಖರ್ಚು, ತೂಕ, ಅಗಲ ಎಲ್ಲವೂ ಅದರಲ್ಲಿರುತ್ತವೆ. ಜಾಹೀರಾತನ್ನು ಬದಿಗಿಟ್ಟು ಈ ವರದಿಯನ್ನು ಕೇಳಿ ಪಡೆಯಿರಿ.

ತಾಸಿನ ಲೆಕ್ಕ

ಇದೇ ಮುಖ್ಯವಾದ ಭಾಗ. 8 ಎಕರೆ ಎಂದರೆ ಸುಮಾರು 32,000 ಚದರ ಮೀಟರ್. ಸಾಲಿನ ಅಂತರ 4.5 ಮೀ. ಆದ್ದರಿಂದ ಸಾಲುಗಳ ಒಟ್ಟು ಉದ್ದ ಸುಮಾರು 7,100 ಮೀ. ತಾಸಿಗೆ 4 ಕಿ.ಮೀ. ವೇಗದಲ್ಲಿ ಪ್ರತಿ ಸಾಲಿನಲ್ಲಿ ಒಮ್ಮೆ ಹೋದರೆ, ತಿರುವಿನ ಸಮಯವೂ ಸೇರಿ ಎರಡೂವರೆ ತಾಸು. ಮಳೆಗಾಲದಲ್ಲಿ ನಾಲ್ಕು ಸಲ ಕತ್ತರಿಸಿದರೆ ವರ್ಷಕ್ಕೆ 10 ತಾಸು ಮಾತ್ರ!

ಉದಾಹರಣೆಗೆ ಟ್ರ್ಯಾಕ್ಟರ್ ಮತ್ತು ಯಂತ್ರ ಎರಡಕ್ಕೂ ಸೇರಿ 4 ಲಕ್ಷ ರೂಪಾಯಿ ಎಂದು ಹಿಡಿಯೋಣ. 10 ವರ್ಷಕ್ಕೆ 40,000 ರೂ. ಉಳಿಕೆ ಬೆಲೆ ಬಿಟ್ಟರೆ ಸವಕಳಿ ವರ್ಷಕ್ಕೆ 36,000 ರೂ. ಸರಾಸರಿ ಬಂಡವಾಳ 2,20,000 ರೂ.ಗೆ ಶೇ. 10ರಂತೆ ಬಡ್ಡಿ 22,000 ರೂ. ಒಟ್ಟು 58,000 ರೂ. ಡೀಸೆಲ್, ದುರಸ್ತಿ ಬೇರೆ.

ಬರೇ ಹುಲ್ಲಿಗೆ 10 ತಾಸು ಓಡಿಸಿದರೆ ತಾಸಿಗೆ 5,800 ರೂ. ಬೀಳುತ್ತದೆ. ಅದೇ ಟ್ರ್ಯಾಕ್ಟರಿನಿಂದ ವರ್ಷಕ್ಕೆ 20 ಸಲ ಔಷಧಿ ಸಿಂಪಡಿಸಿದರೆ, ಸಲಕ್ಕೆ 4 ತಾಸಿನಂತೆ 80 ತಾಸು. ಗೊಬ್ಬರ, ಹಣ್ಣು ಸಾಗಿಸಲು 60 ತಾಸು. ಒಟ್ಟು 150 ತಾಸಾದರೆ ತಾಸಿಗೆ ಸುಮಾರು 387 ರೂ. ನಿಮ್ಮೂರಿನ ಬಾಡಿಗೆ ದರದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿರಿ. ಹೆಚ್ಚಾಗಿ ಕಂಡರೆ ಕೊಳ್ಳಬೇಡಿರಿ. 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ವಿಚಾರಿಸಿರಿ, ಇಲ್ಲವೇ ನಾಲ್ಕು ಜನ ಬೆಳೆಗಾರರು ಕೂಡಿ ಒಂದನ್ನು ಇಟ್ಟುಕೊಳ್ಳಿರಿ. ಬಾಡಿಗೆ ಯಂತ್ರ ನಿಮ್ಮ ತೋಟದೊಳಗೆ ಬರುವ ಮೊದಲು ಗಾಲಿ, ಅಲಗುಗಳ ಮಣ್ಣು, ಎಲೆಗಳನ್ನು ತೊಳೆಸುವುದನ್ನು ಮಾತ್ರ ಮರೆಯಬಾರದು. ಪಕ್ಕದ ತೋಟದ ರೋಗ ಹೀಗೂ ಬರುತ್ತದೆ.

ಸುರಕ್ಷತೆ

ಪಿ.ಟಿ.ಓ. ದಂಡದ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಧೋತರ, ಟವೆಲ್ಲಿನ ಒಂದು ಅಂಚು ಸಿಕ್ಕರೆ ಸಾಕು, ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಕತ್ತರಿಸುವ ಮೊದಲು ಕಲ್ಲು, ತಂತಿಗಳನ್ನು ಆರಿಸಿರಿ. ಅಲಗಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ. ಹನಿ ನೀರಾವರಿಯ ಪೈಪುಗಳನ್ನು ಗಿಡದ ಬುಡಕ್ಕೆ ಸರಿಸಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿರಿ, ಪಕ್ಕದಲ್ಲಿ ಕೂಡಿಸಿಕೊಳ್ಳಲೂಬೇಡಿರಿ. ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಅಲಗು ಪೂರ್ತಿ ನಿಂತ ಮೇಲೆಯೇ ಕೈ ಹಾಕಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಟ್ರ್ಯಾಕ್ಟರಿಗೂ ಸಲ್ಲುತ್ತದೆ. ಸಾಲಿನ ಅಗಲ, ವರ್ಷದ ತಾಸು, ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡ ನಂತರವೇ ಮಾರಾಟಗಾರರ ಬಾಗಿಲಿಗೆ ಹೋಗಿರಿ. ಲೆಕ್ಕದಲ್ಲಿ ತೊಡಕು ಬಂದರೆ ಸಮೀಪದ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರನ್ನು ಕಾಣಬಹುದು.