ಮನೆಯಲ್ಲೇ ಕಾರಿನ ಬಣ್ಣದ ಆರೈಕೆ



ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರದ ಸುತ್ತಿನ ಹಳ್ಳಿಗಳಲ್ಲಿ ಈಗ ಎಷ್ಟೋ ಮನೆಗಳ ಮುಂದೆ ಕಾರು ನಿಂತಿದೆ. ಹಳೆಯದಾದರೂ ಬಣ್ಣ ಚೆನ್ನಾಗಿದ್ದರೆ ಮಾರುವಾಗ ಬೆಲೆ ಬರುತ್ತದೆ. ಬಣ್ಣ ಎದ್ದಲ್ಲಿ ತಗಡಿಗೆ ತುಕ್ಕು ಹಿಡಿಯುತ್ತದೆ.

ಬಣ್ಣ ಕೆಡುವುದು ಬಹುಮಟ್ಟಿಗೆ ನಾವು ತೊಳೆಯುವ ರೀತಿಯಿಂದಲೇ. ಕೊಳವೆ ಬಾವಿಯ ಗಡಸು ನೀರು ಬಿಸಿಲಿನಲ್ಲಿ ಆರಿದರೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಆದ್ದರಿಂದ ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿರಿ. ಹಿಡಿದಿಟ್ಟ ಮಳೆನೀರಿದ್ದರೆ ಕೊನೆಗೆ ಅದನ್ನೇ ಹುಯ್ಯಿರಿ. ಒಣಬಟ್ಟೆಯಿಂದ ಧೂಳು ಒರೆಸುವ ವಾಡಿಕೆಯನ್ನಂತೂ ಬಿಡಿರಿ. ಕಟ್ಟಡ ಕೆಲಸದ ಧೂಳಿನಲ್ಲಿ ಮರಳಿರುತ್ತದೆ, ಅದು ಗೀರುತ್ತದೆ. ಮೊದಲು ನೀರು ಹುಯ್ದು ಧೂಳಿಳಿಸಿ, ಎರಡು ಬಕೆಟ್ ಇಟ್ಟುಕೊಳ್ಳಿರಿ: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು.

ಹಳೆಯ ಚುಕ್ಕೆಗಳಿಗೆ ಬಿಳಿ ವಿನೆಗರಿಗೆ ಸಮ ನೀರು ಬೆರೆಸಿ ಹಚ್ಚಿ, ಒಂದು ನಿಮಿಷದೊಳಗೆ ತೊಳೆಯಿರಿ.

ಗೀರಿನ ಮೇಲೆ ಉಗುರು ಆಡಿಸಿ ನೋಡಿರಿ. ಉಗುರು ತಡೆಯದಿದ್ದರೆ ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಗೆ ಸ್ವಲ್ಪವೇ ಹಚ್ಚಿ ಹಗುರವಾಗಿ ಉಜ್ಜಿರಿ, ಬಳಿಕ ವ್ಯಾಕ್ಸ್ ಬಳಿಯಿರಿ. ಈಚಿನ ಕಾರುಗಳ ಬಣ್ಣದ ಮೇಲೆ ಬಹಳ ತೆಳುವಾದೊಂದು ಪಾರದರ್ಶಕ ಪದರವಿದೆ. ಕಾಂಪೌಂಡಿನಿಂದ ಉಜ್ಜಿದಷ್ಟೂ ಅದು ಸವೆಯುತ್ತದೆ. ಸವೆದದ್ದು ಮತ್ತೆ ಬೆಳೆಯದು. ಹೊಳಪಿನ ಆಸೆಗೆ ತಿಂಗಳು ತಿಂಗಳೂ ಉಜ್ಜುವುದು ತರವಲ್ಲ. ಕೆಲವರು ಸೀಮೆಎಣ್ಣೆ, ಡೀಸೆಲ್ ಒರೆಸುತ್ತಾರೆ. ಹೊಳಪು ಒಂದು ದಿನದ್ದು, ಮರುದಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ.

ಉಗುರು ತಡೆದರೆ ಉಜ್ಜಿ ಫಲವಿಲ್ಲ. ತಗಡು ಕಂಡಿದ್ದರೆ ಉಪ್ಪುಕಾಗದದಿಂದ ತುಕ್ಕು ತೆಗೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಅದೇ ಬಣ್ಣದ ಟಚ್‌ಅಪ್ ಬಳಿಯಿರಿ. ಇದನ್ನು ಮುಂಗಾರಿಗೆ ಮುಂಚೆಯೇ ಮುಗಿಸಿರಿ.