ಹಳೆಯ ಬೆಳ್ಳಿ ಪಾತ್ರೆಗಳ ಮೌಲ್ಯ ನಿರ್ಣಯ: ಸರಾಫರು ಗಮನಿಸಬೇಕಾದ ಅಂಶಗಳು

ದೇವದುರ್ಗ, ಮಾನ್ವಿ ಭಾಗದ ಮನೆತನವೊಂದು ಅಜ್ಜನ ಕಾಲದ ಬೆಳ್ಳಿಯ ಹರಿವಾಣವನ್ನು ರಾಯಚೂರಿನ ಸರಾಫ ಅಂಗಡಿಗೆ ತಂದಾಗ ಸಾಮಾನ್ಯವಾಗಿ ನಡೆಯುವುದು ಎರಡೇ ಕಾರ್ಯ: ತೂಗುವುದು ಮತ್ತು ಕರಗಿಸುವುದು. ಆದರೆ ಮೂಸೆಗೆ ಬಿದ್ದ ವಸ್ತುವಿನ ವಯಸ್ಸು, ತಯಾರಕರ ಗುರುತು ಹಾಗೂ ಕುಸುರಿ ಮರಳಿ ಬಾರವು. ಆದುದರಿಂದ ಕರಗಿಸುವ ಮುನ್ನ ಮೂರು ವಿಷಯಗಳ ಪರಿಶೀಲನೆ ಅಗತ್ಯ.

1. ಶುದ್ಧತೆ: ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ. 92.5 ಶುದ್ಧ ಬೆಳ್ಳಿ ಇರುತ್ತದೆ. ನಮ್ಮ ದೇಶದಲ್ಲಿ ನಾಣ್ಯಗಳನ್ನು ಕರಗಿಸಿ ಪಾತ್ರೆ ಮಾಡಿಸುವ ರೂಢಿಯಿತ್ತು. 1940ಕ್ಕೆ ಮುಂಚಿನ ಬ್ರಿಟಿಷ್ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿಯಿದ್ದರೆ, 1948ರವರೆಗೆ ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿಯಲ್ಲಿ ಶೇ. 81.8 ಮಾತ್ರ ಇತ್ತು. 100 ತೊಲ, ಅಂದರೆ ಸುಮಾರು 1,166 ಗ್ರಾಂ ತೂಕದ ಹರಿವಾಣದಲ್ಲಿ ಮೊದಲನೆಯದರಿಂದ 1,069 ಗ್ರಾಂ, ಎರಡನೆಯದರಿಂದ 954 ಗ್ರಾಂ ಶುದ್ಧ ಬೆಳ್ಳಿ ದೊರೆಯುತ್ತದೆ. ಈ 115 ಗ್ರಾಂ ವ್ಯತ್ಯಾಸವನ್ನು ಅಂದಾಜಿಗೆ ಬಿಟ್ಟರೆ ಕೊಳ್ಳುವವರಿಗೋ ಮಾರುವವರಿಗೋ ನಷ್ಟ ತಪ್ಪದು.

2. ಮುದ್ರೆ: ಇಂಗ್ಲೆಂಡಿನ ಪಾತ್ರೆಗಳ ಮೇಲೆ 1544ರಿಂದ ನಡೆಯುವ ಸಿಂಹದ ಮುದ್ರೆ ರೂಢಿಗೆ ಬಂದಿತು, ಜೊತೆಯಲ್ಲಿರುವ ಅಕ್ಷರವು ಪರೀಕ್ಷೆಯ ವರ್ಷವನ್ನು ತಿಳಿಸುತ್ತದೆ. ಬ್ರಿಟಿಷ್ ಭಾರತದಲ್ಲಿ ಅಂತಹ ಸರ್ಕಾರಿ ಪರೀಕ್ಷಾ ವ್ಯವಸ್ಥೆ ಇರಲಿಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್, ಭುಜ್‌ನ ಊಮರ್ಸಿ ಮಾವಜಿ ಮೊದಲಾದವರು ಸ್ವಂತ ಮುದ್ರೆಯನ್ನಷ್ಟೇ ಒತ್ತುತ್ತಿದ್ದರು. ಅಂತಹ ಗುರುತುಳ್ಳ ವಸ್ತುವಿಗೆ ಸಂಗ್ರಾಹಕರು ಲೋಹದ ಬೆಲೆಗಿಂತ ಅಧಿಕ ನೀಡುವುದುಂಟು. ಭಾರತೀಯ ಮಾನಕ ಬ್ಯೂರೋದ ಬೆಳ್ಳಿ ಹಾಲ್‌ಮಾರ್ಕ್ ಆರಂಭವಾದದ್ದು 2005ರಲ್ಲಿ. ಹಳೆಯ ಪಾತ್ರೆಯ ಮೇಲೆ ಅದನ್ನು ನಿರೀಕ್ಷಿಸಲಾಗದು.

3. ತೆರಿಗೆ ಮತ್ತು ಕಾನೂನು: ಬೆಳ್ಳಿ ಪಾತ್ರೆಗಳಿಗೆ ಜಿಎಸ್‌ಟಿ ಶೇ. 3. ಬಳಸಿದ ಪಾತ್ರೆಯನ್ನು ಅದರ ಸ್ವರೂಪ ಬದಲಿಸದೆ, ಹೂಡುವಳಿ ತೆರಿಗೆ ಜಮೆ ಪಡೆಯದೆ ಮಾರುವ ಹಳೆಯ ವಸ್ತುಗಳ ವ್ಯಾಪಾರಿಯು ಕೇಂದ್ರ ಜಿಎಸ್‌ಟಿ ನಿಯಮ 32(5)ರಂತೆ ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ತೆರಬಹುದು. ರೂ. 80,000ಕ್ಕೆ ಕೊಂಡು 90,000ಕ್ಕೆ ಮಾರಿದಲ್ಲಿ ತೆರಿಗೆ ರೂ. 300. ಕರಗಿಸಿ ಹೊಸ ಪಾತ್ರೆ ಮಾಡಿ ಅದೇ ಬೆಲೆಗೆ ಮಾರಿದರೆ ರೂ. 2,700.

ನೂರು ವರ್ಷ ಮೀರಿದ ಕುಶಲಕಲೆಯ ವಸ್ತುವು 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಅಧಿನಿಯಮದ ವ್ಯಾಪ್ತಿಗೆ ಬರಬಹುದು. ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ.

ಖರೀದಿ ಚೀಟಿಯಲ್ಲಿ ಮಾರಾಟಗಾರರ ವಿವರ, ತೂಕ, ಪರೀಕ್ಷಿತ ಶುದ್ಧತೆ, ಮುದ್ರೆಯ ವಿವರಣೆ ಹಾಗೂ ಛಾಯಾಚಿತ್ರ ಇರಿಸಿಕೊಳ್ಳುವುದು ವಿಹಿತ. ಕಷ್ಟಕ್ಕೆ ಮನೆತನದ ಬೆಳ್ಳಿಯನ್ನು ಮಾರಲು ಬಂದವರಿಗೆ ಅದರ ನಿಜಬೆಲೆಯನ್ನು ತಿಳಿಸುವುದೇ ಅಂಗಡಿಯ ದೀರ್ಘಕಾಲದ ಬಂಡವಾಳ.